ಬಟ್ಟಲು ಬಿಟ್ಟು ಗುಡ್ಡ ಹತ್ತಿದ ಆಂಟೆನಾ

ಆ ರಾಡಾರ್ ಕೇಂದ್ರದ ಮುಖ್ಯಸ್ಥರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಸಂಬಳದ ದಿನ ಸಹಿ ಹಾಕುವಾಗ ಬಿಟ್ಟರೆ ಅದು ಅವರಿಗೇ ನೆನಪಾಗುತ್ತಿರಲಿಲ್ಲ. ಉಳಿದಂತೆ ಅವರು ಬಟ್ಟಲು ಸಾಹೇಬರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಬೇರೇನೂ ಕರೆಯುತ್ತಿರಲಿಲ್ಲ. ನೀವು ಅಂದುಕೊಂಡಂತೆ ಕುಡಿತಕ್ಕೂ ಆ ಹೆಸರಿಗೂ ಸಂಬಂಧವಿಲ್ಲ. ಅವರು ಕುಡಿಯುತ್ತಿದ್ದುದು ಚಹಾ ಮಾತ್ರ, ಅದೂ ಕೆಲಸದ ಗುಂಗಿನಲ್ಲಿ ಮರೆತು, ಆರಿ ತಣ್ಣಗಾದ ಮೇಲೆ.

ರಾಡಾರ್ ಆಗಿನ್ನೂ ಹೊಸದು. ಯುದ್ಧ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಎಲ್ಲರೂ ಹೇಳಿಕೊಂಡು ಓಡಾಡುತ್ತಿದ್ದ ವರ್ಷಗಳು. ಕಬ್ಬಿಣದ ಸಲಾಕೆಗಳನ್ನು ಜೋಡಿಸಿ ಕಟ್ಟಿದ ಆಂಟೆನಾ, ತುಂಬಿದ ಮನೆಯ ಬಟ್ಟೆ ಒಣಹಾಕುವ ಚೌಕಟ್ಟಿನ ಹಾಗೆ ಕಾಣುತ್ತಿತ್ತು. ಅದು ರೇಡಿಯೋ ಅಲೆಗಳನ್ನು ದೂರಕ್ಕೆ ಎಸೆಯುತ್ತದೆ. ಎದುರಿಗೆ ಏನು ಸಿಕ್ಕಿತೋ ಅದಕ್ಕೆ ಬಡಿದು ಅಲೆ ವಾಪಸ್ಸು ಬರುತ್ತದೆ. ಕತ್ತಲೆ ಕೋಣೆಯೊಳಗೆ ದುಂಡನೆಯ ಗಾಜಿನ ಮೇಲೆ ಹಸಿರು ಚುಕ್ಕಿಯೊಂದು ಮೂಡುತ್ತದೆ. ಕೇಳುವುದಕ್ಕೆ ಬಲು ಚೆಂದ. ತೊಂದರೆ ಇಷ್ಟೇ: ವಿಮಾನ ಯಾವುದು, ಗುಡ್ಡ ಯಾವುದು ಎಂಬ ವಿವೇಚನೆ ಆ ಅಲೆಗೆ ಇಲ್ಲ. ಗುಡ್ಡಕ್ಕೆ ಬಡಿದರೂ ಅಷ್ಟೇ ಸಂಭ್ರಮದಿಂದ ವಾಪಸ್ಸು ಬಂದು ಹಸಿರು ಮುದ್ದೆಯಾಗಿ ಕೂತುಬಿಡುತ್ತದೆ. ಆ ಮುದ್ದೆಯ ಹಿಂದೆ ಒಂದು ಚಿಕ್ಕ ವಿಮಾನ ಬಂದರೆ ದೇವರೇ ಗತಿ.

ಹಾಗಾಗಿ ಆಂಟೆನಾ ಎಲ್ಲಿಡಬೇಕು ಎಂಬುದೇ ದೊಡ್ಡ ವಿದ್ಯೆ. ಸಾಹೇಬರು ಇಲಾಖೆಗೆ ಸೇರಿದ್ದೇ ಜಾಗ ಹುಡುಕುವ ಕೆಲಸಕ್ಕೆ. ಆಗ ಅವರಿಗೆ ತಲೆ ತುಂಬ ಕೂದಲಿತ್ತು, ಒಂದು ಸೈಕಲ್ ಇತ್ತು. ಗುಡ್ಡಗಾಡಿನಲ್ಲಿ ಅಲೆದು, ಜಾಗ ಸಿಕ್ಕಿತು ಅನ್ನಿಸಿದ ಕಡೆ ಹೊಟ್ಟೆಯ ಮೇಲೆ ಮಲಗಿ ಸುತ್ತ ಕಣ್ಣಾಡಿಸುತ್ತಿದ್ದರು. ನನ್ನ ಕಣ್ಣಿಗೆ ಬೀಳುವ ಗುಡ್ಡವೆಲ್ಲ ನಾಳೆ ಗಾಜಿನ ಮೇಲೂ ಬೀಳುತ್ತದೆ, ಇದು ಅವರ ಲೆಕ್ಕಾಚಾರ. ಒಮ್ಮೆ ಕುರಿ ಕಾಯುವ ಮುದುಕನೊಬ್ಬ ಇವರು ಮಣ್ಣಿಗೆ ಗಲ್ಲ ಹಚ್ಚಿ ಮಲಗಿದ್ದನ್ನು ಕಂಡು ಹತ್ತಿರ ಬಂದ.

"ಏನು ಕಳ್ಕೊಂಡ್ರಿ ಸ್ವಾಮಿ?"

"ಕಳ್ಕೊಂಡಿಲ್ಲಪ್ಪ. ಗುಡ್ಡ ಕಳೆದುಹೋಗೋ ಜಾಗ ಹುಡುಕ್ತಾ ಇದ್ದೀನಿ."

ಮುದುಕ ತನ್ನ ಕುರಿಗಳನ್ನು ಸ್ವಲ್ಪ ದೂರಕ್ಕೆ ಹೊಡೆದುಕೊಂಡು ಹೋದ.

ಕೊನೆಗೂ ಅಂಥ ಜಾಗ ಸಿಕ್ಕಿತು. ಎತ್ತರದ ಗುಡ್ಡವೊಂದರ ಹೆಗಲ ಮೇಲೆ, ಬಟ್ಟಲಿನ ಹಾಗೆ ತುಸುವೇ ತಗ್ಗಾದ ಒಂದು ಬಯಲು. ಸುತ್ತಲೂ ಮಣ್ಣಿನ ಅಂಚು. ನಡುವೆ ಕೂತರೆ ದೂರದ ಬೆಟ್ಟಗಳು ಹೆಚ್ಚುಕಡಿಮೆ ಎಲ್ಲ ಆ ಅಂಚಿನ ಮರೆಗೆ ಹೋಗಿ ಬರೀ ಆಕಾಶ ಕಾಣುತ್ತಿತ್ತು. ಮೇಲಿನ ಅಧಿಕಾರಿಗಳು ನಕ್ಕರು. ರಾಡಾರನ್ನು ಗುಂಡಿಯಲ್ಲಿ ಇಡುತ್ತಾರೆಯೇ ಎಂದು ಕೇಳಿದರು. ಸಾಹೇಬರು ಜಗಳಾಡಿ, ಗೋಗರೆದು, ಎರಡು ಸಲ ರಾಜೀನಾಮೆ ಬರೆದು ಜೇಬಿನಲ್ಲಿಟ್ಟುಕೊಂಡು, ಆಂಟೆನಾವನ್ನು ಅಲ್ಲೇ ನಿಲ್ಲಿಸಿದರು. ಯಂತ್ರ ಚಾಲೂ ಮಾಡಿದ ದಿನ ಗಾಜು ತೊಳೆದಿಟ್ಟ ಹಾಗಿತ್ತು. ನಡುವೆ ಅಂಚಿನದೇ ಒಂದು ಪುಟ್ಟ ಬಳೆ, ಅದರಾಚೆ ಕಪ್ಪು, ಆ ಕಪ್ಪಿನಲ್ಲಿ ಒಂದೇ ಒಂದು ವಿಮಾನ. ತೀರಾ ತಗ್ಗಿನಲ್ಲಿ ಹಾರಿ ಬಂದದ್ದು ಮಾತ್ರ ಅಂಚು ದಾಟುವ ತನಕ ಕಾಣದು. ಅದೊಂದು ಕೊರತೆ ನಿಜ. ಆದರೆ ಕಂಡದ್ದು ಕಂಡದ್ದೇ. ಅವತ್ತಿನಿಂದ ಅವರು ಬಟ್ಟಲು ಸಾಹೇಬರು.

ಅಂಚಿಗೂ ಜಗ್ಗದೆ ತಲೆ ಎತ್ತಿದ ಮೂರು ಶಿಖರಗಳು ಮಾತ್ರ ಗಾಜಿನ ಮೇಲೆ ಕಾಯಂ ಆಗಿ ಕೂತಿದ್ದವು. ಗಾಜು ನೋಡುವ ಹೆಣ್ಣುಮಕ್ಕಳು ಇಂಥ ಗುಡ್ಡದ ಗುರುತುಗಳಿಗೆ ನೆಂಟರು ಎಂದು ಹೆಸರಿಟ್ಟಿದ್ದರು. ಬಂದವರು ಹೋಗುವುದಿಲ್ಲ, ಕೂತ ಕಡೆಯಿಂದ ಏಳುವುದಿಲ್ಲ, ಬೇರೆ ಯಾರು ಬಂದರೂ ಅಡ್ಡ ಕೂರುತ್ತಾರೆ. ಮೇಣದ ಪೆನ್ಸಿಲಿನಿಂದ ಗಾಜಿನ ಮೇಲೆ ಅವುಗಳ ಸುತ್ತ ಗೆರೆ ಎಳೆದು, ದಪ್ಪಗಿದ್ದದ್ದಕ್ಕೆ ಅತ್ತೆ ಎಂದೂ ಪಕ್ಕದ ಜೋಡಿಗೆ ನಾದಿನಿಯರು ಎಂದೂ ಬರೆದಿದ್ದರು. ಗೆರೆಯೊಳಗಿದ್ದದ್ದನ್ನು ವರದಿ ಮಾಡುವ ಹಾಗಿಲ್ಲ. ಅತ್ತೆಯನ್ನು ಶತ್ರು ಎಂದು ಯಾರಾದರೂ ಸರ್ಕಾರಕ್ಕೆ ತಿಳಿಸುತ್ತಾರೆಯೇ?

ಈ ಹೆಸರುಗಳನ್ನಿಟ್ಟವಳು ಸಾಹೇಬರ ಸೊಸೆಯೇ. ಗಾಜು ನೋಡುವವರ ಪೈಕಿ ಅವಳೇ ಹಿರಿಯಳು. ಕೇಂದ್ರದಲ್ಲಿ ಅವಳು ಮಾವನನ್ನು ಸರ್ ಅನ್ನುತ್ತಿದ್ದಳು, ಮನೆಯಲ್ಲಿ ಮಾವ ಅನ್ನುತ್ತಿದ್ದಳು, ಒಂದನ್ನು ಇನ್ನೊಂದು ಕಡೆ ತಪ್ಪಿಯೂ ಬಳಸುತ್ತಿರಲಿಲ್ಲ. ಆಂಟೆನಾವನ್ನು ತಿರುಗಿಸಲು ಸೈಕಲ್ಲಿನ ಪೆಡಲ್ ಜೋಡಿಸಿದ್ದರು. ಅದನ್ನು ತುಳಿಯುತ್ತಿದ್ದವನು ಹಿಂದೆ ಬೀದಿ ಬೀದಿಯಲ್ಲಿ ಚಾಕು ಸಾಣೆ ಹಿಡಿಯುತ್ತಿದ್ದ ಪೆಡಲಣ್ಣ. ಅಷ್ಟು ವರ್ಷ ತುಳಿದರೂ ಒಂದು ಹೆಜ್ಜೆ ಮುಂದೆ ಹೋಗದ ಕೆಲಸ ತನಗೆ ಮೊದಲಿನಿಂದಲೂ ಅಭ್ಯಾಸ ಎನ್ನುತ್ತಿದ್ದ.

ಇನ್ನು ಸಾಹೇಬರ ಮಗ. ಅವನು ಪರೀಕ್ಷೆಯ ವಿಮಾನ ಹಾರಿಸುತ್ತಿದ್ದ. ಒಂದು ಮುದಿ ವಿಮಾನವನ್ನು ಕೇಂದ್ರದಿಂದ ನೇರವಾಗಿ ದೂರ ಒಯ್ಯಬೇಕು, ಯಾವ ಎತ್ತರದಲ್ಲಿ ಎಲ್ಲಿಯವರೆಗೆ ಗಾಜಿನ ಮೇಲೆ ಕಾಣುತ್ತದೆ ಎಂದು ನೋಡಬೇಕು. ಕಾಣೆಯಾಗುವುದು ಗಂಡನ ಕೆಲಸ, ಎಲ್ಲಿ ಕಾಣೆಯಾದ ಎಂದು ಗುರುತು ಹಾಕುವುದು ಹೆಂಡತಿಯ ಕೆಲಸ. ಇಂಥ ಸಂಸಾರ ಬೇರೆಲ್ಲಾದರೂ ಇದ್ದರೆ ನನಗೆ ತಿಳಿಸಿ. ವಿಮಾನ ಇಳಿಯುವ ಬಯಲು ಎರಡು ಬೆಟ್ಟಸಾಲುಗಳ ಹಿಂದಿತ್ತು, ನಡುವಿನ ಸಂದಿಯ ನೇರಕ್ಕೆ ಎತ್ತರದಲ್ಲೇ ಬಂದು, ಅದರಲ್ಲಿ ತೂರಿ ಇಳಿಯಬೇಕು. ಸಮುದ್ರದ ಕಡೆಯಿಂದ ಮಂಜು ಏರಿ ಸಂದಿ ಮುಚ್ಚಿಕೊಂಡಾಗ ಸೊಸೆಯೇ ವೈರ್‌ಲೆಸ್ಸಿನಲ್ಲಿ ಎಡಕ್ಕೆ, ಬಲಕ್ಕೆ, ಇನ್ನು ಸ್ವಲ್ಪ ಎಡಕ್ಕೆ ಎಂದು ಹೇಳಿ ಅವನನ್ನು ಒಳಗೆ ಕರೆದುಕೊಳ್ಳುತ್ತಿದ್ದಳು. ಬಟ್ಟಲಿನ ಕಪ್ಪು ಗಾಜಿನ ಮೇಲೆ ಅವನ ಚುಕ್ಕಿ ಸಾಸಿವೆ ಕಾಳಿನಷ್ಟು ಸ್ಪಷ್ಟ. ಮನೆಯಲ್ಲಿ ಸಾಹೇಬರ ಹೆಂಡತಿ ಮಂಜು ಕಂಡ ಕೂಡಲೇ ಒಲೆ ಆರಿಸಿ ಬಾಗಿಲಲ್ಲಿ ಕೂರುತ್ತಿದ್ದರು, ಇಂಜಿನ್ನಿನ ಸದ್ದು ಇಳಿದ ಮೇಲೆಯೇ ಮತ್ತೆ ಒಲೆ ಹಚ್ಚುತ್ತಿದ್ದರು.

ಎಲ್ಲ ಸರಿಯಾಗಿತ್ತು. ಸರಿಯಾಗಿದ್ದದ್ದೇ ಮುಳುವಾಯಿತು. ಬಟ್ಟಲಿನಿಂದ ಆಂಟೆನಾಗೆ ಬೆಟ್ಟಗಳು ಕಾಣುತ್ತಿರಲಿಲ್ಲವಲ್ಲ, ಹಾಗೆಯೇ ರಸ್ತೆಯಲ್ಲಿ ಹೋಗುವವರಿಗೆ ಆಂಟೆನಾ ಕಾಣುತ್ತಿರಲಿಲ್ಲ. ಪ್ರಧಾನ ಕಚೇರಿಯ ತಪಾಸಣೆ ಸಾಹೇಬರು ಒಂದು ವರ್ಷ ಕಾರಿನಲ್ಲಿ ಗುಡ್ಡವನ್ನು ಎರಡು ಸುತ್ತು ಹಾಕಿ, ದಾರಿಯಲ್ಲಿ ಮೂತ್ರಕ್ಕೆ ನಿಂತು, ವಾಪಸ್ಸು ಹೋಗಿ, ಹೇಳಿಕೊಳ್ಳುವಂಥದ್ದೇನೂ ಕಂಡುಬರಲಿಲ್ಲ ಎಂದು ಟಿಪ್ಪಣಿ ಬರೆದರು. ಅವರು ಮೂತ್ರಕ್ಕೆ ನಿಂತ ಜಾಗ ಕೇಂದ್ರದ ಗೇಟು. ಅದೇ ವರ್ಷ, ಆಚೆಯ ಪಟ್ಟಣದಲ್ಲಿ ಹಳೆಯ ಗೋಪುರದ ತುದಿಗೆ ಆಂಟೆನಾ ಕಟ್ಟಿಸಿ, ಅದರ ಕೆಳಗೆ ಬಣ್ಣದ ದೀಪ ಹಾಕಿಸಿದ್ದ ಅಧಿಕಾರಿಗೆ ಬಡ್ತಿ ಸಿಕ್ಕಿತು. ಆ ಕೇಂದ್ರದ ಗಾಜಿನಲ್ಲಿ ನೆಂಟರನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ ಎಂಬುದು ಇಲಾಖೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಬಡ್ತಿ ಕೊಡುವವರು ಗಾಜು ನೋಡುವುದಿಲ್ಲ, ಗೋಪುರ ನೋಡುತ್ತಾರೆ.

ಸಾಹೇಬರಿಗೆ ಹೊಟ್ಟೆ ಉರಿಯಿತು. ಅದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಏನೂ ಅರ್ಥವಿಲ್ಲ. ಇಷ್ಟು ಕಾಲ ಎಲೆಮರೆಯ ಕಾಯಿಯಾಗಿ ಬದುಕಿದ್ದಕ್ಕೆ ಹೆಮ್ಮೆಪಡುತ್ತಿದ್ದ ಮನುಷ್ಯ, ಈಗ ಊಟಕ್ಕೆ ಕೂತರೆ ಗೋಪುರ, ಮಲಗಿದರೆ ಗೋಪುರ. ನಿವೃತ್ತಿ ಹತ್ತಿರ ಬರುತ್ತಿತ್ತು. ಇಷ್ಟು ವರ್ಷ ನಾನು ಇದ್ದೆನೋ ಇಲ್ಲವೋ ಎಂಬುದೇ ಯಾರಿಗೂ ತಿಳಿಯದೆ ಹೋಗುತ್ತದೆಯೇ ಎಂಬ ಸಂಕಟ ಅವರನ್ನು ತಿನ್ನುತ್ತಿತ್ತು.

"ಅಷ್ಟು ಆಸೆ ಇದ್ರೆ ಗುಡ್ಡದ ತುದಿ ಮೇಲೆ ಹೋಗಿ ನೀವೇ ಕೈ ಚಾಚಿಕೊಂಡು ನಿಂತ್ಕೊಳ್ಳಿ," ಎಂದರು ಹೆಂಡತಿ. "ಆ ಯಂತ್ರನ ಯಾಕೆ ಎಳೀತೀರಿ?"

ಸಾಹೇಬರು ಕೈ ತೊಳೆದು ಎದ್ದರು. ಮರುವಾರ ಆಂಟೆನಾವನ್ನು ಗುಡ್ಡದ ತುದಿಗೆ ಸ್ಥಳಾಂತರಿಸಬೇಕೆಂದು ಪ್ರಧಾನ ಕಚೇರಿಗೆ ಬರೆದರು. ಕಾರಣ ತಯಾರಾಗಿಯೇ ಇತ್ತು: ತಗ್ಗಿನಲ್ಲಿ ಹಾರಿ ಬರುವ ಶತ್ರು. ಬಟ್ಟಲಿನ ಆ ಒಂದು ಕೊರತೆ ಅಷ್ಟು ವರ್ಷ ಮೂಲೆಯಲ್ಲಿ ಬಿದ್ದಿತ್ತು, ಈಗ ಅದಕ್ಕೆ ಶುಕ್ರದೆಸೆ ಬಂತು. ಮಂಜೂರಾತಿ ಕೊಡುವುದಕ್ಕೆ ಸಾಮಾನ್ಯವಾಗಿ ವರ್ಷ ಹಿಡಿಯುವ ಕಚೇರಿ, ಈ ಸಲ ಹದಿನೈದು ದಿನದಲ್ಲಿ ಕೊಟ್ಟಿತು. ಅಷ್ಟರಲ್ಲೇ ಸಾಹೇಬರಿಗೆ ಅನುಮಾನ ಬರಬೇಕಿತ್ತು.

ಸೊಸೆ ಕೋಣೆಗೆ ಬಂದು ನಿಂತಳು. "ಸರ್, ಮೇಲಕ್ಕೆ ಹೋದ್ರೆ ನೆಂಟರೆಲ್ಲ ಬರ್ತಾರೆ. ನನಗೆ ಈ ಕೆಲಸ ಹೇಳಿಕೊಟ್ಟಾಗ ಮೊದಲನೇ ದಿನ ನೀವು ಹೇಳಿದ್ದೇ ಇದು."

"ಗೊತ್ತಮ್ಮ."

"ಮಂಜಿನ ದಿನ ನೆಂಟರ ನಡುವೆ ಅವರನ್ನ ಹೇಗೆ ಹುಡುಕಲಿ?"

"ಗೆರೆ ಎಳ್ಕೋ. ಈಗ ಮೂರಕ್ಕೆ ಎಳೆದಿದ್ದೀಯ, ಆಗ ಇನ್ನಷ್ಟಕ್ಕೆ ಎಳೆಯೋದು. ಮೇಣದ ಪೆನ್ಸಿಲ್ ಬೇಕಾದಷ್ಟು ತರಿಸಿಕೊಡ್ತೀನಿ."

ಅವಳು ಗಾಜಿನ ಕೋಣೆಗೆ ವಾಪಸ್ಸು ಹೋದಳು. ಅವರಿಗೆ ಅವಳ ಮುಖ ನೋಡುವುದಕ್ಕೆ ಆಗಲಿಲ್ಲ, ಕಿಟಕಿಯ ಕಡೆ ತಿರುಗಿ ತಣ್ಣನೆಯ ಚಹಾ ಕುಡಿದರು.

ಹಗ್ಗ ಕಟ್ಟಿ, ಹಲಗೆ ಹಾಸಿ, ಆಳುಗಳು ಹೂಂಕರಿಸಿ ಆಂಟೆನಾವನ್ನು ಗುಡ್ಡದ ನೆತ್ತಿಗೆ ಎಳೆದರು. ಅದಕ್ಕೆ ಬೆಳ್ಳಿಯ ಬಣ್ಣ ಬಳಿದರು. ರಸ್ತೆಯಿಂದ ಕಾಣುತ್ತಿತ್ತು, ರೈಲಿನಿಂದ ಕಾಣುತ್ತಿತ್ತು, ಪೇಟೆಯ ಕ್ಷೌರದಂಗಡಿಯ ಕನ್ನಡಿಯಲ್ಲಿ ಕೂಡ ಕಾಣುತ್ತಿತ್ತು. ಸಾಹೇಬರು ಸಂಜೆ ವಾಕಿಂಗ್ ನೆಪದಲ್ಲಿ ದೂರ ನಡೆದು, ತಿರುಗಿ ನಿಂತು, ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದರು. ಜನ ಕೈ ಮುಗಿದು, ನಿಮ್ಮದೇನಾ ಸಾರ್ ಅದು ಎನ್ನುತ್ತಿದ್ದರು. ಅವರ ಎದೆ ಉಬ್ಬುತ್ತಿತ್ತು.

ಯಂತ್ರ ಚಾಲೂ ಆದ ಕೂಡಲೇ ನೆಂಟರು ಬಂದರು. ಬಂದರು ಅಂದರೆ ಹೇಗೆ, ಮದುವೆ ಮನೆಗೆ ಬಂದ ಹಾಗೆ, ಕರೆದವರೂ ಕರೆಯದವರೂ. ಬೆಟ್ಟಸಾಲು ಎರಡೂ ಉದ್ದಕ್ಕೆ ಮಲಗಿಕೊಂಡವು. ಇಟ್ಟಿಗೆ ಭಟ್ಟಿಯ ಚಿಮಣಿ ಬಂತು, ಊರಿನ ನೀರಿನ ಟ್ಯಾಂಕು ಬಂತು, ಯಾವುದೋ ಮರದ ತೋಪು ಗಾಳಿ ಬೀಸಿದಾಗಲೆಲ್ಲ ಬಂದು ಹೋಗುತ್ತಿತ್ತು. ಸೊಸೆ ಗೆರೆ ಎಳೆದೂ ಎಳೆದೂ, ಅತ್ತೆ ನಾದಿನಿ ಚಿಕ್ಕಪ್ಪ ದೊಡ್ಡಮ್ಮ ಷಡ್ಡಕ ಎಲ್ಲ ಮುಗಿದು, ಕೊನೆಗೆ ಹೆಸರಿಡುವುದನ್ನೇ ಬಿಟ್ಟಳು. ಗಾಜಿನ ಮೇಲೆ ಗೆರೆಯಿಲ್ಲದ ಜಾಗ ಅಂಗೈಯಷ್ಟು ಉಳಿಯಿತು. ಹೊಸದಾಗಿ ಸೇರಿದ ಹುಡುಗಿಯರಿಗೆ ನೆಂಟರು ಯಾರು, ಪರರು ಯಾರು ಎಂದೇ ತಿಳಿಯದೆ, ಕಂಡದ್ದನ್ನೆಲ್ಲ ಫೋನಿನಲ್ಲಿ ಪ್ರಧಾನ ಕಚೇರಿಗೆ ಹೇಳತೊಡಗಿದರು.

"ಉತ್ತರಕ್ಕೆ ಒಂದು ಕಾಣಿಸ್ತಿದೆ ಸರ್."

"ಎಷ್ಟು ವೇಗದಲ್ಲಿದೆ?"

"ಸದ್ಯಕ್ಕೆ ನಿಂತಿದೆ ಸರ್."

"ಹೌದಾ. ನಿಗಾ ಇಡಿ."

ನಿಂತದ್ದು ಚಿಮಣಿ. ಅದರ ಮೇಲೆ ಇಡೀ ಇಲಾಖೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಿತು. ಸೈರನ್ ಕೂಗಿತು, ಜನ ಓಡಿ ಅವಿತುಕೊಂಡರು. ಆಮೇಲಾಮೇಲೆ ಅವಿತುಕೊಳ್ಳುವುದನ್ನು ಬಿಟ್ಟು, ಸೈರನ್ ಕೇಳಿ ಅನ್ನಕ್ಕೆ ಇಡತೊಡಗಿದರು.

ಇದರಿಂದ ಸಾಹೇಬರ ಮಾನ ಹೋಗಬೇಕಿತ್ತು ತಾನೇ? ಹೋಗಲಿಲ್ಲ. ತಿಂಗಳ ವರದಿಯಲ್ಲಿ ಪತ್ತೆಯಾದ ವಸ್ತುಗಳು ಎಂಬ ಒಂದು ಅಂಕಣವಿತ್ತು. ಬಟ್ಟಲಿನ ಕಾಲದಲ್ಲಿ ಅಲ್ಲಿ ಬಡಪಾಯಿ ಅಂಕಿಗಳು ಕೂತಿರುತ್ತಿದ್ದವು. ಈಗ ಅಂಕಣ ತುಂಬಿ ತುಳುಕಿತು. ಇಡೀ ದೇಶದಲ್ಲಿ ಅತಿ ಹೆಚ್ಚು ಪತ್ತೆ ಮಾಡಿದ ಕೇಂದ್ರ ಎಂದು ಪ್ರಧಾನ ಕಚೇರಿ ಕೊಂಡಾಡಿತು. ಸ್ವತಃ ತಪಾಸಣೆ ಸಾಹೇಬರು ಬರುತ್ತಾರೆ, ಬಡ್ತಿಯ ವಿಷಯ ಬಾಯಲ್ಲೇ ಹೇಳುತ್ತಾರೆ ಎಂದು ಸುದ್ದಿ ಬಂತು. ಸಾಹೇಬರಿಗೆ ಸತ್ಯ ಗೊತ್ತಿತ್ತು. ಆದರೆ ಹೊಗಳಿಕೆ ಕಿವಿಗೆ ಬೀಳುವಾಗ ಸತ್ಯ ಹೇಳಲು ಬಾಯಿ ಬರುವುದು ಕಷ್ಟ. ತಪಾಸಣೆ ಮುಗಿಯಲಿ, ಆಮೇಲೆ ಹೇಗಾದರೂ ಕೆಳಗಿಳಿಸೋಣ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು.

ತಪಾಸಣೆಯ ದಿನ ಬೆಳಗ್ಗೆ ಬಿಸಿಲಿತ್ತು. ಮಗ ಪ್ರದರ್ಶನಕ್ಕೆಂದು ವಿಮಾನ ಏರಿಸಿದ. ತಪಾಸಣೆ ಸಾಹೇಬರು ದೂರದಿಂದಲೇ ಆಂಟೆನಾ ನೋಡಿ ಕಾರು ನಿಲ್ಲಿಸಿ ಇಳಿದು ಫೋಟೋ ತೆಗೆಸಿಕೊಂಡರು. ಆಮೇಲೆ ಬಿಸ್ಕತ್ತು, ಚಹಾ, ಮಾತು. ಎಲ್ಲರೂ ಗಾಜಿನ ಕೋಣೆಗೆ ಬರುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು, ಸಮುದ್ರದ ಮಂಜು ಏರಿ ಸಂದಿಯನ್ನು ನುಂಗಿತ್ತು.

"ಅಬ್ಬಾ, ಎಷ್ಟೊಂದು ವಿಮಾನ ಹಿಡಿದಿದ್ದೀರಿ," ಎಂದರು ತಪಾಸಣೆ ಸಾಹೇಬರು, ಗಾಜಿನ ಮೇಲೆ ಬಗ್ಗಿ.

ಅಷ್ಟರಲ್ಲಿ ವೈರ್‌ಲೆಸ್ ಗರಗರ ಎಂದಿತು. ಮಗನ ದನಿ. "ಕೇಂದ್ರ, ಮಂಜು ಪೂರ್ತಿ ಮುಚ್ಚಿಕೊಂಡಿದೆ. ವಾಪಸ್ ಬರ್ತಾ ಇದ್ದೀನಿ. ಸಂದಿ ಯಾವ ಕಡೆ ಇದೆ ಹೇಳಿ."

ಸೊಸೆ ಗಾಜಿಗೆ ಮುಖ ತಾಗಿಸುವಷ್ಟು ಬಗ್ಗಿದಳು. ಹಸಿರು ಮುದ್ದೆಗಳು ಒಂದರ ಮೈಮೇಲೆ ಒಂದು ಬಿದ್ದುಕೊಂಡಿದ್ದವು. ಅವುಗಳ ನಡುವೆ ಎಲ್ಲೋ ಒಂದು ಸಾಸಿವೆ ಕಾಳು. ಪೆಡಲಣ್ಣನಿಗೆ ಎಡಕ್ಕೆ ತುಳಿ ಎಂದಳು, ಬಲಕ್ಕೆ ತುಳಿ ಎಂದಳು. ಮತ್ತೆ ವೈರ್‌ಲೆಸ್ ಕರೆಯಿತು. "ಕೇಂದ್ರ, ಕೇಳಿಸ್ತಾ ಇದೆಯಾ? ಎಡಕ್ಕಾ ಬಲಕ್ಕಾ?"

"ಇದರಲ್ಲಿ ನಿಮ್ಮ ಹುಡುಗ ಯಾವುದು?" ಎಂದು ತಪಾಸಣೆ ಸಾಹೇಬರು ಚಹಾ ಹೀರುತ್ತ ಕೇಳಿದರು.

ಸೊಸೆ ತಲೆ ಎತ್ತಿದಳು. ಅವಳ ಕೈಯಲ್ಲಿದ್ದ ಮೇಣದ ಪೆನ್ಸಿಲ್ ಮುರಿದಿತ್ತು. "ಮಾವ," ಎಂದಳು. ಆ ಕೋಣೆಯಲ್ಲಿ ಅವಳು ಹಾಗೆ ಕರೆದದ್ದು ಅದೇ ಮೊದಲು. "ಮಾವ, ಅವರು ಕಾಣಿಸ್ತಾ ಇಲ್ಲ."

ಸಾಹೇಬರು ಗಾಜಿನ ಹತ್ತಿರ ಬಂದರು. ಬಡ್ತಿ ಕೊಡುವ ಮನುಷ್ಯ ಒಂದು ಮಾರು ದೂರದಲ್ಲಿ ಕೂತಿದ್ದ. ಮನೆಯ ಬಾಗಿಲಲ್ಲಿ ಒಲೆ ಆರಿಸಿ ಹೆಂಡತಿ ಕೂತಿರುತ್ತಾಳೆ ಎಂಬುದೂ ನೆನಪಾಯಿತು. ಅವರು ಸೊಸೆಯ ಕೈಯಿಂದ ಮೈಕು ತೆಗೆದುಕೊಂಡರು.

"ಕೇಳು, ಅಪ್ಪ ಮಾತಾಡ್ತಾ ಇದ್ದೀನಿ. ಸಂದಿ ಕಡೆ ಬರಬೇಡ. ದಿಕ್ಸೂಚಿ ನೋಡ್ಕೊಂಡು ಸಮುದ್ರದ ಕಡೆ ತಿರುಗು, ಹಾಗೇ ಮೇಲೇರು. ಇಲ್ಲಿ ನೀನು ನಮಗೆ ಕಾಣಿಸ್ತಾ ಇಲ್ಲ. ಗುಡ್ಡ ಬಿಟ್ಟು ಬೇರೇನೂ ಕಾಣಿಸ್ತಾ ಇಲ್ಲ. ಆಂಟೆನಾನ ಇಲ್ಲಿಗೆ ತಂದದ್ದೇ ತಪ್ಪು. ಆ ತಪ್ಪು ನಂದು."

ಮೈಕಿನ ಗುಂಡಿ ಬಿಟ್ಟರು, ಗರಗರ ಸದ್ದು ಬಂತು. ಆಮೇಲೆ, "ಸರಿ ಅಪ್ಪ. ಪೆಟ್ರೋಲ್ ಜಾಸ್ತಿ ಇಲ್ಲ."

"ಇದ್ದಷ್ಟರಲ್ಲೇ ಬಾ."

ಸಮುದ್ರದ ಮೇಲೆ ನೆಂಟರಿಲ್ಲ. ಅಲ್ಲಿ ಚುಕ್ಕಿ ಕಾಣಲೇಬೇಕು. ಕಂಡಿತು ಕೂಡ, ಆದರೆ ಮಿಣಕ್ಕೆಂದು ಮಾಯವಾಯಿತು. ಅದಕ್ಕೂ ಎತ್ತರವೇ ಕಾರಣ. ಎತ್ತರದ ಆಂಟೆನಾದಿಂದ ಹೊರಟ ಅಲೆ ಅರ್ಧ ನೇರ ಹೋಗುತ್ತದೆ, ಅರ್ಧ ನೀರಿಗೆ ಬಡಿದು ಮೇಲೇಳುತ್ತದೆ. ಎರಡೂ ಸೇರಿ ಕೆಲವು ಕಡೆ ಬಲವಾಗುತ್ತವೆ, ಕೆಲವು ಕಡೆ ಒಂದನ್ನೊಂದು ತಿಂದುಹಾಕುತ್ತವೆ. ಬಿಡಿಸಿದ ಬೆರಳುಗಳ ಹಾಗೆ ಅಲೆ ಹರಡಿರುತ್ತದೆ, ಬೆರಳಿನ ಸಂದಿಗೆ ಬಂದ ವಿಮಾನ ಇದ್ದೂ ಇಲ್ಲದ ಹಾಗೆ. ಸಾಹೇಬರಿಗೂ ಸೊಸೆಗೂ ಇದು ಗೊತ್ತಿತ್ತು.

"ಏರ್ತಾ ಬನ್ನಿ," ಎಂದಳು ಸೊಸೆ ಮೈಕಿನಲ್ಲಿ. "ಹೋದ್ರಿ. ಇನ್ನೂ ಏರಿ. ಬಂದ್ರಿ. ಅಲ್ಲೇ ಇರಿ, ಆ ಎತ್ತರ ಬಿಡಬೇಡಿ. ಎಷ್ಟೇ ಆದ್ರೂ ಬಿಡಬೇಡಿ."

ಅವನು ಬಿಡಲಿಲ್ಲ. ಆ ಒಂದು ಬೆರಳನ್ನೇ ಹಿಡಿದುಕೊಂಡು ದಂಡೆಯುದ್ದಕ್ಕೂ ಸಾಗಿ, ಮಂಜಿಲ್ಲದ ದೂರದ ಬಯಲೊಂದರಲ್ಲಿ ಇಳಿದ. ಇಳಿಯುವಾಗ ಇಂಜಿನ್ ತಾನಾಗಿಯೇ ನಿಂತುಹೋಗಿತ್ತು ಎಂದು ಆಮೇಲೆ ತಿಳಿಯಿತು. ಸೊಸೆ ಕುರ್ಚಿಯಲ್ಲೇ ಕುಸಿದು ಕೂತಳು. ಪೆಡಲಣ್ಣ ತುಳಿಯುವುದನ್ನು ನಿಲ್ಲಿಸಿ ಜೋರಾಗಿ ಅತ್ತುಬಿಟ್ಟ.

ಸಾಹೇಬರು ತಪಾಸಣೆ ಸಾಹೇಬರ ಕಡೆ ತಿರುಗಿ, ಬೈಗುಳಕ್ಕೆ ತಲೆ ಕೊಟ್ಟು ನಿಂತರು. ತಪಾಸಣೆ ಸಾಹೇಬರು ಚಹಾದ ಕಪ್ಪು ಕೆಳಗಿಟ್ಟು ಎದ್ದು ಬಂದು ಬೆನ್ನು ತಟ್ಟಿದರು.

"ಬಹಳ ಚೆನ್ನಾಗಿತ್ತು. ತಪ್ಪೆಲ್ಲ ನಂದು ಅಂತ ಹೇಳಿ ಹುಡುಗನಿಗೆ ಧೈರ್ಯ ತುಂಬಿದಿರಲ್ಲ, ಅದನ್ನೇ ನಾಯಕತ್ವ ಅನ್ನೋದು."

"ಸಾರ್, ಅದು ನಿಜವಾಗಿಯೂ ನನ್ನ ತಪ್ಪು. ಈ ಆಂಟೆನಾ ಇಲ್ಲಿ ಇರಬಾರದು."

"ಇದೇ ನೋಡಿ, ದೊಡ್ಡವರ ವಿನಯ," ಎಂದು ಜೊತೆಗಿದ್ದವರ ಕಡೆ ತಿರುಗಿ ಹೇಳಿದರು ಅವರು.

ಸಾಹೇಬರು ಅವತ್ತೇ ಆಂಟೆನಾ ಕೆಳಗಿಳಿಸಲು ಅನುಮತಿ ಕೇಳಿದರು. ಬಂದ ಉತ್ತರ ಚುಟುಕಾಗಿತ್ತು: ಸದರಿ ಆಂಟೆನಾ ರಸ್ತೆಗೂ ರೈಲಿಗೂ ಕಾಣುತ್ತಿದ್ದು ಸಾರ್ವಜನಿಕರಲ್ಲಿ ಭರವಸೆ ಮೂಡಿಸಿದೆ, ಕದಲಿಸತಕ್ಕದ್ದಲ್ಲ. ಇನ್ನೊಮ್ಮೆ ಕೇಳಿದರು. ಉತ್ತರದ ಬದಲು ಬಡ್ತಿ ಬಂತು. ಕಾಣಿಸಿಕೊಳ್ಳಬೇಕು ಎಂದು ಬಾಯಿ ಬಿಟ್ಟು ಕೂತಿದ್ದ ಮನುಷ್ಯ, ಈಗ ಬಡ್ತಿಯ ಆದೇಶ ಹಿಡಿದುಕೊಂಡು ಹಲ್ಲುನೋವು ಬಂದವರ ಹಾಗೆ ಮನೆಗೆ ಹೋದರು.

ಮನೆಯಲ್ಲಿ ಮಗ ಹಾರಾಟ ಮುಗಿಸಿ ಬಂದು ನೆಲದ ಮೇಲೆ ಕೂತು ಊಟ ಮಾಡುತ್ತಿದ್ದ, ಸಾಹೇಬರೂ ಪಕ್ಕದಲ್ಲಿ ಊಟಕ್ಕೆ ಕೂತರು. ಹೆಂಡತಿ ಬಡಿಸುತ್ತ, ಮುಖ ತಿರುಗಿಸಿಕೊಂಡೇ ಗಂಡನಿಗೆ ಹೇಳಿದರು. "ಜನ ನೋಡೋದಕ್ಕೆ ಒಂದು ಬೇಕು ಅಂದ್ರೆ ಒಂದು ಮಾಡಿಸಿ ನಿಲ್ಲಿಸಿ. ನಮ್ಮ ಹುಡುಗನ್ನ ನೋಡೋದಕ್ಕೆ ಇನ್ನೊಂದು ಇಟ್ಕೊಳ್ಳಿ."

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಸಾಹೇಬರು ತುತ್ತು ಕೈಯಲ್ಲೇ ಹಿಡಿದು ಕೂತುಬಿಟ್ಟರು.

ಆಸ್ಪತ್ರೆಯವರು ಹಾಳೆಂದು ಹೊರಗೆಸೆದಿದ್ದ ಕಬ್ಬಿಣದ ಮಂಚಗಳು ಪೆಡಲಣ್ಣನ ಕೈಗೆ ಬಂದವು. ಅವುಗಳ ಸರಳು ಬಿಡಿಸಿ, ಬೆಸೆದು, ಬೆಳ್ಳಿ ಬಣ್ಣ ಬಳಿದು, ಗಾಳಿಗೆ ತಿರುಗುವಂತೆ ಕೆಳಗೊಂದು ಗಾಲಿ ಹಾಕಿದರು. ನೋಡಿದರೆ ಅಸಲಿಗಿಂತ ನಕಲಿಯೇ ಠೀವಿಯಾಗಿತ್ತು. ದಟ್ಟ ಮಂಜಿನ ಒಂದು ವಾರದಲ್ಲಿ ಅಸಲಿ ಬಟ್ಟಲಿಗೆ ಇಳಿಯಿತು, ನಕಲಿ ನೆತ್ತಿ ಏರಿತು. ಕೇಂದ್ರದವರೆಲ್ಲರಿಗೂ ಗೊತ್ತಿತ್ತು, ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡರು.

ಸೊಸೆ ಗಾಜಿನ ಮೇಲಿನ ಮೇಣವನ್ನೆಲ್ಲ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದಳು. ಕಪ್ಪು ಮತ್ತೆ ಬಂತು. ಅತ್ತೆ, ಇಬ್ಬರು ನಾದಿನಿಯರು, ಅಷ್ಟೇ. ಅಲ್ಲ, ನಡುವಿನ ಬಳೆಯ ಹತ್ತಿರ ಹೊಸದೊಂದು ಮಿಣಮಿಣ ಗುರುತಿತ್ತು. ನೆತ್ತಿಯ ಮೇಲಿನ ಮಂಚದ ಆಂಟೆನಾ ಅಲೆಗೆ ಸಿಕ್ಕಿ ತಾನೂ ಒಬ್ಬ ನೆಂಟನಾಗಿ ಕೂತಿತ್ತು. ಅವಳು ಅದರ ಸುತ್ತ ಗೆರೆ ಎಳೆದು ಏನೋ ಬರೆದಳು.

ಸಾಹೇಬರು ಕನ್ನಡಕ ಏರಿಸಿ ಬಗ್ಗಿದರು. "ಇದ್ಯಾರಮ್ಮ?"

"ಮಾವ, ಸರ್," ಎಂದಳು ಸೊಸೆ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ಸಾಹೇಬರು ಆ ಗುರುತನ್ನು ಸ್ವಲ್ಪ ಹೊತ್ತು ನೋಡಿ, ಸರಿಯಾಗಿದೆ ಎಂದರು.

ಪತ್ತೆಯಾದ ವಸ್ತುಗಳ ಅಂಕಣ ಮತ್ತೆ ಬಡವಾಯಿತು. ಕಾರಣ ಕೊಡಿ ಎಂದು ಪ್ರಧಾನ ಕಚೇರಿ ಕೇಳಿತು. ಅಷ್ಟು ದೂರದಿಂದಲೇ ನಮ್ಮ ಆಂಟೆನಾ ಕಂಡು ಶತ್ರು ಈ ಕಡೆ ಬರುವುದನ್ನೇ ಬಿಟ್ಟಿದ್ದಾನೆ ಎಂದು ಸಾಹೇಬರು ಬರೆದರು. ಪ್ರಧಾನ ಕಚೇರಿಗೆ ಆನಂದವೋ ಆನಂದ. ಒಂದು ಪದಕ ಕಳಿಸಿತು.

ನಿವೃತ್ತಿಯ ದಿನ ಬೀಳ್ಕೊಡುಗೆ ಸಮಾರಂಭ ಗುಡ್ಡದ ನೆತ್ತಿಯ ಮೇಲೆಯೇ ನಡೆಯಿತು, ಮಂಚದ ಆಂಟೆನಾದ ಅಡಿಯಲ್ಲಿ. ಶಾಮಿಯಾನ, ಕುರ್ಚಿ, ಹಾರ, ಫೋಟೋದವನು. ತಪಾಸಣೆ ಸಾಹೇಬರು ಭಾಷಣಕ್ಕೆ ನಿಂತರು. ಈ ಎತ್ತರದ ದೃಷ್ಟಿ, ಎಲ್ಲವನ್ನೂ ಕಂಡ ಈ ಕಣ್ಣು ಎಂದು ಮೇಲಕ್ಕೆ ಕೈ ತೋರಿಸಿದರು. ಗಾಳಿಗೆ ಮಂಚ ಕಿರ್ರೆಂದು ತಿರುಗಿ ಒಪ್ಪಿಗೆ ಕೊಟ್ಟಿತು. ಚಪ್ಪಾಳೆ. ಅಷ್ಟರಲ್ಲಿ ಮಂಜು ಏರಿತು. ಮೊದಲು ರಸ್ತೆ ಹೋಯಿತು, ಆಮೇಲೆ ಬಟ್ಟಲು ಹೋಯಿತು, ಆಮೇಲೆ ಸಂದಿ. ಮಗ ಬೆಳಗ್ಗೆಯೇ ಹಾರಿದವನು ಇನ್ನೂ ಇಳಿದಿರಲಿಲ್ಲ. ಸೊಸೆ ಸಮಾರಂಭಕ್ಕೆ ಬಂದಿರಲಿಲ್ಲ, ಪೆಡಲಣ್ಣನ ಜಾಗದಲ್ಲಿ ಹೊಸ ಹುಡುಗಿಯೊಬ್ಬಳನ್ನು ತುಳಿಯಲು ಕೂರಿಸಿಕೊಂಡು ಕೆಳಗೆ ಗಾಜಿನ ಮುಂದಿದ್ದಳು.

ಮಂಜಿನೊಳಗಿಂದ ಇಂಜಿನ್ನಿನ ಸದ್ದು ಬಂತು. ಸಾಹೇಬರಿಗೆ ಭಾಷಣ ಕೇಳಿಸುವುದು ನಿಂತುಹೋಯಿತು. ಸದ್ದು ಬಲಕ್ಕೆ ಸರಿಯಿತು. ತುಂಬಾ ಬಲಕ್ಕೆ ಹೋಯಿತಲ್ಲ ಎಂದು ಅವರ ಕೈ ಕುರ್ಚಿಯ ತೋಳನ್ನು ಹಿಸುಕಿತು. ಸ್ವಲ್ಪ ಎಡಕ್ಕೆ ಬಂತು. ಇನ್ನು ಸ್ವಲ್ಪ ಎಡಕ್ಕೆ. ಫೋಟೋದವನು, ಎಲ್ಲರೂ ಆಂಟೆನಾ ಕಡೆ ನೋಡಿ ಸಾರ್ ಎಂದು ಕೂಗಿದ. ಎಲ್ಲರೂ ನೋಡಿದರು. ಸಾ‌ಹೇಬರು ಎದ್ದು ನಿಂತು ಸಂದಿಯ ಕಡೆ ತಿರುಗಿದರು. ಸದ್ದು ಬೆಟ್ಟಸಾಲಿನ ಹಿಂದೆ ಹೋಯಿತು, ತಗ್ಗಿತು, ನೆಲ ಮುಟ್ಟಿ ನಿಧಾನವಾಗಿ ಆರಿತು.

ಅವರು ಕಣ್ಣೊರೆಸಿಕೊಂಡರು. ಭಾಷಣಕ್ಕೆ ಕರಗಿದರು ಎಂದು ತಿಳಿದು ತಪಾಸಣೆ ಸಾಹೇಬರೂ ಕಣ್ಣೊರೆಸಿಕೊಂಡರು.

ಆ ಫೋಟೋ ಕಟ್ಟು ಹಾಕಿಸಿಕೊಂಡು ಮನೆಗೆ ಬಂತು. ಸಾಹೇಬರ ಹೆಂಡತಿ ಗೋಡೆಗೆ ಮೊಳೆ ಹೊಡೆಸಿ, ನೇತುಹಾಕಿ, ಹಿಂದೆ ಸರಿದು ನೋಡಿದರು. ಬೆಳ್ಳಿಯ ಬಣ್ಣದ ಮಂಚ ಫಳಫಳ ಹೊಳೆಯುತ್ತಿತ್ತು. ತಪಾಸಣೆ ಸಾಹೇಬರು ನಗುತ್ತಿದ್ದರು. ಪೆಡಲಣ್ಣನ ಹೊಸ ಅಂಗಿಯ ಗುಂಡಿ ಕೂಡ ಕಾಣುತ್ತಿತ್ತು. ಒಬ್ಬ ಬೋಳುತಲೆಯವನು ಮಾತ್ರ ಎಲ್ಲರಿಗೂ ಬೆನ್ನು ಹಾಕಿ ನಿಂತಿದ್ದ.

"ಇಷ್ಟು ವರ್ಷ ಕಾಣಿಸಬೇಕು, ಕಾಣಿಸಬೇಕು ಅಂತ ಒದ್ದಾಡಿದ್ರಿ," ಎಂದರು ಅವರು. "ಇರೋ ಒಂದೇ ಒಂದು ಫೋಟೋದಲ್ಲಿ ನಿಮ್ಮ ಮುಖಾನೇ ಇಲ್ವಲ್ಲ."

"ಅವತ್ತು ಮಂಜಿತ್ತಲ್ಲ," ಎಂದರು ಬಟ್ಟಲು ಸಾಹೇಬರು. "ಹುಡುಗ ಇಳಿಯೋದನ್ನ ಕೇಳ್ತಾ ಇದ್ದೆ."